ನಮ್ಮತ್ತೆ ರೂತವ್ವನ ಹಿಡಿಜೋಳ

ನಮ್ಮತ್ತೆ ರೂತವ್ವನ ಮುಷ್ಟಿ ಗಂಡಸರ ಮುಷ್ಟಿಗಿಂತ ದೊಡ್ಡದು. ನಲವತ್ತು ವರ್ಷ ರಾಟಿ ತಿರುಗಿಸಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ ಕೈ ಅದು. ಬೆರಳ ಸಂದಿಯಲ್ಲಿ ನೂಲು ಕೊರೆದ ಗೆರೆಗಳಿದ್ದವು. ದಿನಾ ಬೀಸುಕಲ್ಲಿನ ಮುಂದೆ ಕೂಡುವ ಮೊದಲು ಆ ಮುಷ್ಟಿಯಿಂದ ಒಂದು ಹಿಡಿ ಜೋಳ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದರು. ಅದು ದೇವರ ಪಾಲು. ಬೆಟಗೇರಿಯ ನಮ್ಮ ಕ್ರೈಸ್ತರ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಅಂಥದೊಂದು ಗಡಿಗೆ ಇತ್ತು. ತಿಂಗಳ ಮೊದಲ ರವಿವಾರ ಅದನ್ನು ಗುಡಿಗೆ, ಅಂದರೆ ನಮ್ಮ ಚರ್ಚಿಗೆ, ಹೊತ್ತುಕೊಂಡು ಹೋಗಿ, ಹಾಸಿದ ಧೋತರದ ಮೇಲೆ ಎಲ್ಲರೆದುರು ಸುರಿಯಬೇಕು. ಆ ಕಾಳು ದಿಕ್ಕಿಲ್ಲದವರಿಗೆ ಹೋಗುತ್ತಿತ್ತು. ಉಳಿದವರ ಮನೆಯಲ್ಲಿ ಹಿಡಿ ಅಂದರೆ ಬೆರಳ ತುದಿಗೆ ಸಿಕ್ಕಷ್ಟು. ನಮ್ಮತ್ತೆಯದು ತುಂಬಿ ಕೆಳಗೆ ಚೆಲ್ಲುವ ಹಿಡಿ. ಶಿರಹಟ್ಟಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಬಾಯಿ ತಡೆಯಲಾರದೆ, "ಅತ್ತಿ, ದೇವರಿಗೆ ಅಷ್ಟ್ ಹಸಿವಿ ಇರ್ತೈತೇನ್ರಿ?" ಅಂದುಬಿಟ್ಟೆ.

ಸಿಟ್ಟಾಗಲಿಲ್ಲ. "ಮೊದ್ಲ ಹೇಳಿದ್ದು ಮಾಡು ಸಾರವ್ವ. ಆಮ್ಯಾಲ ಯಾಕಂತ ಕೇಳು," ಅಂದರು. ಮುಂದೆ ಈ ಮಾತನ್ನು ಸಾವಿರ ಸಲ ಕೇಳಿದ್ದೇನೆ, ಸಾವಿರ ಸಲವೂ ಒಳಗೊಳಗೇ ಉರಿದಿದ್ದೇನೆ.

ಅವರ ವಿಧೇಯತೆ ಎಂಥದೆಂದರೆ ಓಣಿಯವರಿಗೆ ಅದೊಂದು ನಗೆಚಾಟಿಕೆ. ಒಮ್ಮೆ ಹಳೆಯ ಅಯ್ಯನವರು, ಅಂದರೆ ನಮ್ಮ ಸಭೆಯ ಪಾಲಕರು, ಗದಗ ಸ್ಟೇಶನ್ನಿನಲ್ಲಿ "ಇಲ್ಲೇ ನಿಂದ್ರವ್ವ, ಈಗ ಬಂದೆ" ಎಂದು ಹೇಳಿ ಹೋದವರು ಕೆಲಸದ ಗದ್ದಲದಲ್ಲಿ ಮರೆತು ಮನೆಗೇ ಹೋಗಿಬಿಟ್ಟರಂತೆ. ಮುಂಜಾನೆ ನಿಂತ ರೂತವ್ವ ಮಧ್ಯಾಹ್ನ ಎರಡರವರೆಗೂ ಅದೇ ಕಂಬದ ಹತ್ತಿರ ಬಿಸಿಲಿನಲ್ಲಿ ನಿಂತಿದ್ದರು. ನೆನಪಾಗಿ ಓಡೋಡಿ ಬಂದ ಅಯ್ಯನವರು, "ಅಲ್ಲವ್ವ, ನೆರಳಿಗೆ ಸರೀಬಾರದೇನು?" ಎಂದು ಕೇಳಿದರೆ, "ನೀವು ಇಲ್ಲೇ ಅಂದಿದ್ರಿ, ನೆರಳು ಅಲ್ಲಿತ್ರಿ" ಅಂದರಂತೆ. ನಾನೂ ಈ ಕತೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವಳೇ. ನಗುವಷ್ಟು ದಿನ ನಕ್ಕೆ.

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿರಬೇಕು. ಬಾವುಟ ಹಾರಿತ್ತು, ಆದರೆ ಒಲೆಯ ಮೇಲಿನ ಪಾತ್ರೆ ಹಗುರವಾಗಿತ್ತು. ರೇಶನ್ ಅಂಗಡಿಯಲ್ಲಿ ಪರದೇಶದ ಕೆಂಪು ಜೋಳ ಕೊಡುತ್ತಿದ್ದರು. ರೊಟ್ಟಿ ಬಡಿದರೆ ಒಡೆದು ಹೋಗುತ್ತಿತ್ತು, ನುಂಗಿದರೆ ಗಂಟಲು ಕೆರೆಯುತ್ತಿತ್ತು. ಅದಾದರೂ ಇರಲಿ ಎಂದರೆ, ಒಂದು ವಾರ ಅದೂ ಬರಲಿಲ್ಲ. ನನ್ನ ಯಜಮಾನರು ಹುಲಕೋಟಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದು ಶನಿವಾರ ಸಂಜೆಗೆ ಮಾತ್ರ ಬರುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ, ನಾಲ್ಕು ವರ್ಷದ ನನ್ನ ಮಗ ಸಮು. ಇಪ್ಪತ್ತೊಂದು ದಿನ ವಿಷಮ ಜ್ವರದಲ್ಲಿ ಮಲಗಿ ಎದ್ದಿದ್ದ ಮಗು. ಎದೆಯ ಎಲುಬು ಎಣಿಸಬಹುದಿತ್ತು. ಆಸ್ಪತ್ರೆಯ ಡಾಕ್ಟರಮ್ಮ, "ಜ್ವರದ ಕೈಯಿಂದ ಉಳಿದಾನ, ಇನ್ನ ಹಸಿವಿಯ ಕೈಗೆ ಕೊಡಬ್ಯಾಡ್ರಿ. ಎರಡು ತಾಸಿಗೊಮ್ಮೆ ಗಂಜಿ ಹಾಕ್ರಿ" ಎಂದು ಹೇಳಿ ಕಳಿಸಿದ್ದರು. ಮಂಗಳವಾರ ಮುಂಜಾನೆಯ ಹೊತ್ತಿಗೆ ಮನೆಯಲ್ಲಿ ಕಾಳು ಮುಗಿದಿತ್ತು. ಇದ್ದದ್ದು ಮೂಲೆಯ ಗಡಿಗೆಯಲ್ಲಿ ಮಾತ್ರ.

"ಅತ್ತಿ, ಗಡಿಗ್ಯಾಂದು ಒಂದು ಬೊಗಸಿ ತಗೋತೀನ್ರಿ," ಅಂದೆ.

"ಅದು ಕೊಟ್ಟ ಕಾಳು. ನಮ್ದಲ್ಲ."

"ದಿಕ್ಕಿಲ್ಲದವರಿಗೆ ಹೋಗೂದಲ್ರಿ ಅದು? ಇವತ್ತ ನಮಗಿಂತ ದಿಕ್ಕಿಲ್ಲದವರು ಯಾರದಾರ?"

ಅತ್ತೆ ಮಗುವನ್ನು ನೋಡಿದರು. ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಂಡಿತು. ಕಾಣಲಿಲ್ಲ ಎಂದು ಸುಳ್ಳು ಹೇಳಲಾರೆ. "ಇರಬಹುದವ್ವ. ಆದ್ರ ತಗೋ ಅಂತ ಅಯ್ನೋರು ಹೇಳ್ಬೇಕು, ನಾವಽ ಕೈ ಹಾಕಬಾರದು. ಕೇಳಿ ಬರ್ತೀನಿ," ಎಂದು ಸೆರಗು ಹೊದ್ದು ಹೊರಟವರು ಸ್ವಲ್ಪ ಹೊತ್ತಿಗೆಲ್ಲ ತಿರುಗಿ ಬಂದರು. ಅಯ್ಯನವರು ಮುಂಡರಗಿ ಕಡೆಯ ಹಳ್ಳಿಗಳಿಗೆ ಹೋಗಿದ್ದರು, ಶನಿವಾರದವರೆಗೆ ಬರುವಂತಿರಲಿಲ್ಲ. "ದೇವರು ನೋಡ್ತಾನ, ನಂಬಬೇಕು. ನಾ ಹುಲಕೋಟಿಗೆ ಹೋಗಿ ಮಗನ ಕಡಿಂದ ಏನರ ತರ್ತೀನಿ," ಎಂದು ಚೀಲ ಹಿಡಿದು ನಡೆದೇ ಹೋದರು. ಹೋಗುವಾಗ ಸಮುಗೆ, "ಒಂದು ಹಾಡು ಹೇಳ್ಕೋತ ಕುಂಡ್ರು ನನ್ನಪ್ಪ, ಬಂದೆ" ಅಂದರು. ಅವನು ಎರಡು ಸಾಲು ಹೇಳಿದ. ಮೂರನೆಯದಕ್ಕೆ ಅವನಿಗೆ ಉಸಿರಿರಲಿಲ್ಲ.

ಹಾಳಾಗಿ ಹೋಗಲಿ ಎಂದು ನಾನು ಎದ್ದೆ. ಗಡಿಗೆಯ ಬಾಯಿಗೆ ಅತ್ತೆ ಬಟ್ಟೆ ಬಿಗಿದಿರುತ್ತಿದ್ದರು. ಕಾಳು ಹಾಕಲು ನಡುವೆ ಒಂದು ಸೀಳು ಬಿಟ್ಟು, ಸುತ್ತ ದಾರ ಎಳೆದು ನೇಕಾರರ ಗಂಟು ಹಾಕಿರುತ್ತಿದ್ದರು. ಆ ಗಂಟು ನನಗೂ ಬರುತ್ತಿತ್ತು. ಬಿಚ್ಚಿ ಅರ್ಧ ಗಡಿಗೆ ಕಾಳು ತೆಗೆದೆ, ತಿರುಗಿ ಹಾಗೆಯೇ ಕಟ್ಟಿದೆ. ಬೀಸಿ, ಜರಡಿ ಹಿಡಿದು, ಗಂಜಿ ಕಾಯಿಸಿ ಬಾಯಿಗಿಟ್ಟರೆ ಮಗು ಲೋಟದ ಅಂಚು ಕಚ್ಚಿ ಕುಡಿಯಿತು. ಆ ಸಪ್ಪಳ ಕೇಳಿದ ಯಾವ ತಾಯಿಯೂ ಪಾಪ ಪುಣ್ಯ ಲೆಕ್ಕ ಹಾಕುವುದಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅತ್ತೆ ಬರಿ ಚೀಲ ಹಿಡಿದುಕೊಂಡು ಬಂದರು. ಅಲ್ಲಿಯೂ ಕಾಳಿರಲಿಲ್ಲ. ಬಾಗಿಲಲ್ಲೇ ನಿಂತು ಮಗುವಿನ ಕೈಯ ಲೋಟ ನೋಡಿದರು.

"ಎಲ್ಲಿದವ್ವ ಇದು?"

ಆ ಕ್ಷಣಕ್ಕೆ ಖರೆ ಹೇಳಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ: "ನೀಲವ್ವಕ್ಕ ಕೊಟ್ಲು."

ನೀಲವ್ವ ನಮ್ಮ ಪಕ್ಕದ ಮನೆಯವಳು. ಅವರದೂ ಮಗ್ಗದ ಮನೆ, ಆದರೆ ನಮ್ಮ ಸಭೆಯವರಲ್ಲ. ಅತ್ತೆ ಚೀಲ ಕೆಳಗಿಟ್ಟವರೇ ಹೊಸ್ತಿಲಲ್ಲಿ ಮೊಣಕಾಲೂರಿದರು. "ನಂಬಿದ್ದಕ್ಕ ಕೈ ಬಿಡಲಿಲ್ಲ ತಂದೇ, ಕೈ ಬಿಡಲಿಲ್ಲ," ಎಂದು ಅತ್ತರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದಕ್ಕಿಂತ ಕೆಟ್ಟದ್ದು ಮುಂದಿತ್ತು. ಕಣ್ಣೊರೆಸಿಕೊಂಡು ಎದ್ದು, ಸೀದಾ ನೀಲವ್ವನ ಮನೆಗೆ ಉಪಕಾರ ಹೇಳಲು ಹೊರಟೇಬಿಟ್ಟರು! ತಡೆಯುವುದು ಹೇಗೆ? ನಡುಗೋಡೆಗೆ ಕಿವಿ ಹಚ್ಚಿ ನಿಂತೆ.

"ಯವ್ವಾ, ನನ್ನ ಮೊಮ್ಮಗನ ಜೀವಾ ಉಳಿಸಿದಿ. ನಿನ್ನ ಮಕ್ಕಳು ಮರಿ ತಣ್ಣಗಿರ್ಲಿ."

ಆ ಕಡೆ ಮಗ್ಗದ ಸಪ್ಪಳ ನಿಂತಿತು. ಆಮೇಲೆ ನೀಲವ್ವನ ದನಿ: "ಅಯ್ಯ, ಅದೇನ್ ದೊಡ್ಡದು ಬಿಡ್ರಿ ರೂತವ್ವ. ಕೂಸು ಕುಡೀತಲ್ಲ, ಅಷ್ಟಽ ಸಾಕು."

ಮರುದಿನ ಅತ್ತೆ ನೀರಿಗೆ ಹೋದ ಹೊತ್ತಿಗೆ ನೀಲವ್ವ ಸೆರಗಿನ ತುಂಬ ಕಾಳು ತುಂಬಿಕೊಂಡು ಬಂದಳು. ಕುರ್ತಕೋಟಿಯ ಅವಳ ತವರಿನ ಎರೆಹೊಲದ ಬಿಳಿ ಜೋಳ, ಮುತ್ತಿನಂಥದು. "ಏನ್ ನಾಟಕಾ ನಡಿಸೀಯಲೇ ಸಾರಿ?" ಎಂದು ಗದರಿದಳು. ನಾನು ಅಳುತ್ತ ಎಲ್ಲ ಹೇಳಿದೆ. "ಕೊಡದಽ ಹೊಗಳಿಸ್ಕೊಂಡು ರಾತ್ರಿ ಉಂಡದ್ದು ಮೈಗೆ ಹತ್ಲಿಲ್ಲ ನನಗ. ಹಿಡಿ, ನಿನ್ನ ಸುಳ್ಳು ಖರೆ ಆಗ್ಲಿ," ಎಂದು ಸುರಿದು ಹೋದಳು. ನಾನು ಗಡಿಗೆಯ ಗಂಟು ಬಿಚ್ಚಿ, ನಾನು ತೆಗೆದಷ್ಟನ್ನು ಅಳೆದು ತುಂಬಿದೆ. ಅಷ್ಟರಲ್ಲಿ ಅಂಗಳದಲ್ಲಿ ಕೊಡ ಇಳಿಸಿದ ಸದ್ದು. ಗಾಬರಿಯಲ್ಲಿ ಗಂಟು ಬಿಗಿದು ಒಲೆಯ ಮುಂದೆ ಕುಳಿತೆ. ತೆಗೆದದ್ದು ಕೆಂಪು, ಹಾಕಿದ್ದು ಬಿಳಿ ಎಂಬುದು ನನ್ನ ಮಂಕು ತಲೆಗೆ ಹೊಳೆಯಲೇ ಇಲ್ಲ. ಗುರುವಾರ ರೇಶನ್ ಬಂತು. ಅತ್ತೆ ಮತ್ತೆ ಆ ಸೀಳಿನೊಳಗೆ ಕೆಂಪು ಜೋಳ ಹಾಕತೊಡಗಿದರು.

ರವಿವಾರ ಗುಡಿಯಲ್ಲಿ ಅಯ್ಯನವರು ದೇವರ ಉಪಕಾರಕ್ಕೆ ಸಾಕ್ಷಿ ಹೇಳುವವರಿದ್ದರೆ ಏಳಿರಿ ಅಂದದ್ದೇ ತಡ, ನಮ್ಮತ್ತೆ ಎದ್ದರು. ದೇವರ ಪಾಲಿಗೆ ಕೈ ಹಾಕದೆ ಕಾದದ್ದು, ನಂಬಿದ ಮನೆಗೆ ನೆರೆಯವಳ ಕೈಯಿಂದ ದೇವರು ಕಾಳು ಕಳಿಸಿದ್ದು, ಎಲ್ಲವನ್ನೂ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಮಗುವನ್ನು ಎದೆಗೊತ್ತಿಕೊಂಡು ನೆಲ ನೋಡುತ್ತಿದ್ದೆ. ಆಮೇಲೆ ಗಡಿಗೆಗಳ ಸರದಿ. ಎಲ್ಲರ ಮನೆಯದೂ ಕೆಂಪು ಜೋಳವೇ. ಅತ್ತೆ ಗಂಟು ಬಿಚ್ಚಿ ಗಡಿಗೆ ಬಾಗಿಸಿದರು. ಮೊದಲು ಕೆಂಪು ಬಿತ್ತು. ಅದರ ಹಿಂದೆ ಧೋತರದ ಮೇಲೆ ಬಿಳಿ ಜೋಳ ಸುರಿಯಿತು. ಅದರ ಹಿಂದೆ ಮತ್ತೆ ಕೆಂಪು.

"ಏನ್ ರೂತವ್ವ, ನಡುವ ಬಿಳೀ ಜ್ವಾಳ ಎಲ್ಲಿಂದ ಬಂತು?" ಎಂದು ಸಭೆಯ ಹಿರಿಯರೊಬ್ಬರು ನಗುತ್ತಲೇ ಕೇಳಿದರು.

ಅತ್ತೆ ಕಾಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಇಂದಿಗೂ ಮರೆತಿಲ್ಲ. "ಮುಂದಿನ ಐತವಾರ ಹೇಳ್ತೀನ್ರಿ," ಎಂದು ಬರಿ ಗಡಿಗೆ ಎತ್ತಿಕೊಂಡು ಬಂದು ಕುಳಿತರು.

ಮನೆಗೆ ಬಂದವಳೇ ಕಾಲು ಹಿಡಿದು ಎಲ್ಲ ಹೇಳಿದೆ, ನೀಲವ್ವ ಕಾಳು ತಂದದ್ದನ್ನೂ. ಬೈದಿದ್ದರೆ, ನಾಲ್ಕು ಬಡಿದಿದ್ದರೆ ಹಗುರಾಗುತ್ತಿದ್ದೆ. ಅವರು ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತಿದರು. ನಮ್ಮ ಸಭೆಯಲ್ಲಿ ಶಿಸ್ತು ಎಂದರೆ ಆಟವಾಗಿರಲಿಲ್ಲ. ಸುಳ್ಳು ಸಾಕ್ಷಿಗೆ, ಕಾಣಿಕೆ ಕದ್ದದ್ದಕ್ಕೆ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ಹೊರಗಿಟ್ಟು ತಿಂಗಳುಗಟ್ಟಲೆ ಹಿಂದಿನ ಸಾಲಿನಲ್ಲಿ ಕೂಡಿಸುತ್ತಿದ್ದರು. ಓಣಿಯಲ್ಲಿ ಮಾತಾಡಿಸುವವರು ಇರುತ್ತಿರಲಿಲ್ಲ. ಶಿರಹಟ್ಟಿಯ ನಮ್ಮಪ್ಪನ ಕಿವಿಗೆ ಖಬರು ಬಿದ್ದರೆ ಅವನು ತಲೆ ಎತ್ತಿ ತಿರುಗಾಡುವುದಾದರೂ ಹೇಗೆ?

ಶನಿವಾರ ಗಟ್ಟಿ ಮನಸ್ಸು ಮಾಡಿ ಕೇಳಿದೆ: "ಅತ್ತಿ, ಮಂದ್ಯಾಗ ನನ್ನ ಮಾನ ಕಳೀಬ್ಯಾಡ್ರಿ. ನಿಮ್ಮ ಮೊಮ್ಮಗನ ಸಲುವಾಗಿ ಮಾಡೀನ್ರಿ."

"ಕೂಸಿಗೆ ಹಾಕಿದ್ದಕ್ಕ ನನಗ ಸಿಟ್ಟಿಲ್ಲ," ಅಂದರು. ರಾಟಿ ನಿಂತಿತು. "ಆದ್ರ ನಾ ದೇವರ ಹೆಸರ ಹೇಳಿ ಮಂದ್ಯಾಗ ಸುಳ್ಳ ನುಡಿದೀನಿ. ಮಂದ್ಯಾಗಽ ತೊಳಕೋಬೇಕು. ಇದನ್ನ ಬಿಟ್ಟು ಬ್ಯಾರೆ ಹಾದಿ ನನಗ ಗೊತ್ತಿಲ್ಲವ್ವ."

ಮರುದಿನ ಗುಡಿಯಲ್ಲಿ ಎದ್ದು ನಿಂತರು. "ಹ್ವಾದ ವಾರ ನಾ ಹೇಳಿದ ಸಾಕ್ಷಿ ಖರೆ ಅಲ್ರಿ. ಆ ದಿನ ಕಾಳು ಯಾರೂ ಕೊಟ್ಟಿರಲಿಲ್ಲ. ನಮ್ಮ ಮನ್ಯಾಗ ದೇವರ ಪಾಲು ತಗದದ್ದೈತಿ. ಹಸಗೊಂಡ ಕೂಸಿಗೆ ನಾ ಹಾಡು ಹೇಳಂತ ಹೇಳಿ ಹೋದೆ. ಮನಿ ಹಿರೇಳು ನಾನು, ತಪ್ಪು ನಂದು. ದೇವರು ನೀಲವ್ವನ ಕೈಲೆ ಕಾಳು ಕಳಿಸ್ಯಾನ, ಅದು ಖರೆ. ಆದ್ರ ನಾ ಹೇಳಿದ ದಿನ ಅಲ್ಲ, ಮರುದಿನ. ಏನ್ ಶಿಸ್ತು ಐತಿ, ನನಗ ಹಾಕ್ರಿ." ನನ್ನ ಹೆಸರು ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಅಯ್ಯನವರು ಸಭೆಯ ಕಡೆ ನೋಡಿ, "ಬ್ಯಾರೆ ಯಾರಾದ್ರೂ ಏನಾದ್ರೂ ಹೇಳೂದೈತೇನು?" ಎಂದು ಕೇಳಿದರು. ಮಡಿಲಲ್ಲಿ ಮಗುವಿತ್ತು, ಅದನ್ನು ಅಪ್ಪಿಕೊಂಡೆ. ಕಾಲು ಗಟ್ಟಿಯಿದ್ದವು, ನಾನು ಏಳಲಿಲ್ಲ.

ಮೂರು ತಿಂಗಳು ಶಿಸ್ತು ಹಾಕಿದರು. ಕರ್ತನ ಭೋಜನದ ರವಿವಾರ ಬಂದರೆ ಹಿಂದಿನ ರಾತ್ರಿಯಿಂದಲೇ ಉಪವಾಸವಿದ್ದು ತಯಾರಾಗುತ್ತಿದ್ದ ಹೆಂಗಸು, ಬಾಗಿಲ ಹತ್ತಿರದ ಕೊನೆಯ ಚಾಪೆಯ ಮೇಲೆ ಒಬ್ಬರೇ ಕುಳಿತರು. ಮೊದಲ ಸಲ ಅಯ್ಯನವರು ರೊಟ್ಟಿ, ಪಾತ್ರೆ ಹಿಡಿದು ಕರೆದಾಗ ನಾನು ಅಲ್ಲಾಡಲಿಲ್ಲ. ಅತ್ತೆ ಹಿಂದಿನಿಂದ ಬಂದು ನನ್ನ ಹೆಗಲು ಮುಟ್ಟಿದರು. "ಹೋಗು," ಅಂದರು. ಹೋದೆ. ಬಾಯಲ್ಲಿಟ್ಟದ್ದು ಮಣ್ಣಿನ ಹಾಗಿತ್ತು. ಮೂರು ತಿಂಗಳಾದ ಮೇಲೆ ಅವರು ಮುಂದಿನ ಸಾಲಿಗೆ ಬಂದರು, ಮೊದಲಿನ ಹಾಗೆಯೇ ಹಾಡಿದರು. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಸಮು ಬೆಳೆದು ಶಾಲೆ ಸೇರಿದ. ನನಗೂ ಮರೆತಂತಾಯಿತು, ಅಥವಾ ಮರೆತವಳಂತೆ ಇರಲು ಕಲಿತೆ.

ನಾಡು ಒಂದಾದ ವರ್ಷ ಅತ್ತೆ ಹಾಸಿಗೆ ಹಿಡಿದರು. ಮುಂಬಯಿ ಪ್ರಾಂತದವರಾಗಿದ್ದ ನಾವು ಮೈಸೂರಿನವರ ಜೊತೆ ಕೂಡಿದ ದಿನ ಗದಗಿನ ರಸ್ತೆಯಲ್ಲಿ ಬಾಜಾ ಬಜಂತ್ರಿ, ಜೈಕಾರ. ಸಮು ಮೆರವಣಿಗೆ ನೋಡಲು ಓಡಿದ್ದ. ನಾನು ಚಮಚದಿಂದ ಗಂಜಿ ಹಾಕುತ್ತಿದ್ದೆ. ಎರಡು ಚಮಚಕ್ಕೆ ಸಾಕೆಂದು ಕೈ ಮಾಡಿದರು.

"ಸಾರವ್ವ, ಅವತ್ತ ಅಯ್ನೋರು ಕೇಳಿದ್ರಲ್ಲ, ಬ್ಯಾರೆ ಯಾರಾದ್ರೂ ಅಂತ."

ಯಾವತ್ತು ಎಂದು ನಾನು ಕೇಳಲಿಲ್ಲ.

"ನೀ ಏಳ್ತಿ ಅಂತ ಕಾದೆ."

"ಅತ್ತಿ..."

"ಬೈಯಾಕ ಹೇಳ್ಲಿಲ್ಲ. ಕಾದಿದ್ದೆ, ಅಷ್ಟಽ." ಆಮೇಲೆ ಗೋಡೆಯ ಕಡೆ ಹೊರಳಿದರು. ನಾನು ಏನಾದರೂ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಸುಕಿನಲ್ಲಿ ನೋಡಿದಾಗ ಅವರ ಮೈ ತಣ್ಣಗಾಗಿತ್ತು.

ಮಣ್ಣು ಮಾಡಿದ ಮುಂದಿನ ರವಿವಾರ ಗುಡಿಯಲ್ಲಿ ನಾನು ಎದ್ದು ನಿಂತು ಎಲ್ಲ ಹೇಳಿದೆ. ಕಾಳು ತೆಗೆದವಳು ನಾನು, ಸುಳ್ಳಾಡಿದವಳು ನಾನು, ಅವರನ್ನು ಆ ಚಾಪೆಯ ಮೇಲೆ ಕೂಡಿಸಿದವಳು ನಾನು. ಅಂದಿನ ಹಿರಿಯರಲ್ಲಿ ಬಹಳ ಜನ ತೀರಿಹೋಗಿದ್ದರು. ಅಯ್ಯನವರೂ ಹೊಸಬರು, ಎಳೆಯ ವಯಸ್ಸಿನವರು. ಒಳ್ಳೆಯ ಮನುಷ್ಯ. ನಾನು ಅಳುವುದು ನಿಲ್ಲುವವರೆಗೆ ಕಾದು, "ಹಳೇ ಮಾತವ್ವ ಅದು. ರೂತವ್ವ ಎಂದೋ ಕ್ಷಮಿಸಿರ್ತಾರ, ಕುಂಡ್ರಿ," ಅಂದರು.

"ಕ್ಷಮಿಸಿದ್ದು ನನಗ ಗೊತ್ತೈತ್ರಿ," ಅಂದೆ. "ಅವರು ಕೇಳ್ಬೇಕಾಗಿತ್ತು."

ಶಿಸ್ತು ಯಾರೂ ಹಾಕಲಿಲ್ಲ. ನಾನೇ ಎದ್ದು ಹೋಗಿ ಬಾಗಿಲ ಹತ್ತಿರ ಕುಳಿತೆ. ಭೋಜನಕ್ಕೆ ಎಲ್ಲರೂ ಮುಂದೆ ಹೋದರು. ನನ್ನ ಹೆಗಲು ಮುಟ್ಟಿ ಹೋಗು ಎನ್ನುವವರು ಯಾರೂ ಬರಲಿಲ್ಲ.