ಹ್ಯಾರಿಸನ್ ಸಾಹೇಬನ ಭದ್ರತೆ

ಉಡುಪಿ ಕಡೆಯ ಶಿರ್ವದ ಜರ್ಟ್ರೂಡ್‌ಗೆ ದೋಹಾದಲ್ಲಿ ಕೆಲಸ. ಫುಟ್‌ಬಾಲ್ ವಿಶ್ವಕಪ್ಪಿನ ಕ್ರೀಡಾಂಗಣಗಳಿಗೆ ನಕ್ಷೆ ಬರೆದುಕೊಡುವ ಬ್ರಿಟಿಷ್ ಕಂಪನಿಯೊಂದರಲ್ಲಿ ಸಿಬ್ಬಂದಿಯ ವೀಸಾ, ರಜೆ, ಮನೆ ನೋಡಿಕೊಳ್ಳುವವಳು ಅವಳೇ. ಅಲ್ಲಿನ ಭದ್ರತಾ ಮುಖ್ಯಸ್ಥ ಹ್ಯಾರಿಸನ್, ಸೈನ್ಯ ಬಿಟ್ಟು ಬಂದ ಇಂಗ್ಲೆಂಡಿನವ. ಬಿಳಿಯ ನೌಕರರ ಜೀವಕ್ಕೆ ಎಲ್ಲೆಲ್ಲಿಂದ ಕುತ್ತು ಬರಬಹುದೆಂದು ಚಿಂತಿಸುವುದೇ ಅವನ ಉದ್ಯೋಗ. ಮಾಲ್‌ಗೆ ಹೋಗಬೇಡಿ, ದಿನವೂ ಒಂದೇ ದಾರಿಯಲ್ಲಿ ಬರಬೇಡಿ ಎಂದು ವಾರವಾರವೂ ಹೆದರಿಸುತ್ತಿದ್ದ.

ಒಮ್ಮೆ ಅಣಕು ದಾಳಿ ನಡೆಯಿತು. ಸೈರನ್ ಕೇಳಿ ಜರ್ಟ್ರೂಡ್ ಕೂಡ ಉಕ್ಕಿನ ಬಾಗಿಲಿನ ರಕ್ಷಣಾ ಕೋಣೆಗೆ ಓಡಿದಳು. ಹ್ಯಾರಿಸನ್ ಬಾಗಿಲಲ್ಲೇ ಅಡ್ಡ ನಿಂತ.

"ಕ್ಷಮಿಸಿ, ಇದು ಪಾಶ್ಚಾತ್ಯರಿಗೆ ಮಾತ್ರ. ಅಪಾಯ ಇರುವುದು ಅವರಿಗೆ."

"ಬಾಂಬು ಪಾಸ್‌ಪೋರ್ಟ್ ನೋಡಿ ಸಿಡಿಯುತ್ತದಾ ಸರ್?"

ಅವನು ಗಂಭೀರವಾಗಿ ಯೋಚಿಸಿದ. "ನಿಯಮದಲ್ಲಿ ಆ ಬಗ್ಗೆ ಏನೂ ಹೇಳಿಲ್ಲ."

ಕುತ್ತು ಬಂದದ್ದು ಅವನು ಕಾಯದ ದಿಕ್ಕಿನಿಂದ. ಕ್ರೀಡಾಂಗಣಗಳು ಮುಗಿಯುತ್ತ ಬಂದವು. ಮುಂದಿನ ಟೆಂಡರುಗಳನ್ನೆಲ್ಲ ಕೊರಿಯಾದವರು, ಚೆನ್ನೈಯವರು ಅರ್ಧ ದರಕ್ಕೆ ಹೊಡೆದುಕೊಂಡರು. ಲಂಡನ್ನಿನ ಮುಖ್ಯ ಕಚೇರಿಯವರು ಖರ್ಚಿಗೆ ಕತ್ತರಿ ಹಿಡಿದರು.

ಒಂದು ಬೆಳಿಗ್ಗೆ ಜರ್ಟ್ರೂಡ್ ಆಫೀಸಿಗೆ ಬಂದಾಗ, ಬಾಂಬ್ ಇದೆಯೇ ಎಂದು ಕಾರಿನಡಿ ತೂರಿ ನೋಡುತ್ತಿದ್ದ ಹ್ಯಾರಿಸನ್ನನ ಕಾಲುಗಳಷ್ಟೇ ಕಂಡವು. ಅವನ ಫೋನ್ ಬಡಿದುಕೊಂಡಿತು. "ಯೆಸ್, ಯೆಸ್" ಎಂದ. ಕಾರಿನಡಿಯ ಟಾರ್ಚು ಆರಿತು.

"ಸರ್?"

"ನನ್ನ ಕೆಲಸ ಹೋಯಿತು, ಜರ್ಟ್ರೂಡ್," ಎಂದಿತು ಕಾರಿನಡಿಯ ದನಿ.

"ನೆಲ ಕಾದಿದೆ ಸರ್. ಹೊರಗೆ ಬನ್ನಿ."

"ಸ್ವಲ್ಪ ಇಲ್ಲೇ ಇರುತ್ತೇನೆ."

ಅವಳು ಬಿಸಿಲಲ್ಲೇ ಪಕ್ಕದಲ್ಲಿ ಕುಳಿತಳು. ನಗು ಬಂತು, ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

ಅವನ ಜಾಗಕ್ಕೆ ಮೂರರಲ್ಲೊಂದು ಪಾಲು ಸಂಬಳಕ್ಕೆ ಮೈಸೂರಿನ ಮುದ್ದುಕೃಷ್ಣ ಬಂದರು. ಬಂದವರೇ ರಕ್ಷಣಾ ಕೋಣೆ ನೋಡಿದರು.

"ಇದ್ರೊಳಗೆ ಎಷ್ಟು ಜನ ಹಿಡೀತಾರೆ ಮೇಡಂ?"

"ಇಪ್ಪತ್ತು ಜನ ಸರ್. ಆಫೀಸಲ್ಲಿ ನೂರಿದ್ದೇವೆ."

"ಹಂಗಾದ್ರೆ ಬೀಗ ಹಾಕ್ಸಿಬಿಡಿ. ಯಾರಿಗೂ ಭೇದಭಾವ ಆಗ್ಬಾರ್ದು ನೋಡಿ."

ಕಂಪನಿಯ ಮನೆ ಬಿಡಬೇಕಾದಾಗ ಹ್ಯಾರಿಸನ್‌ಗೆ ನೆಲೆ ತಪ್ಪಿತು. ಜರ್ಟ್ರೂಡ್‌ಳ ಗಂಡ ಕಾಸ್ಮಿರ್, "ಎಂಥ ಮಾಡುವುದು ಮಾರಾಯ್ತಿ, ಕರೆದುಕೊಂಡು ಬಾ," ಎಂದ. ದೋಹಾ ಪಕ್ಕದ ಅಲ್ ವಕ್ರಾದ ಅವರ ಫ್ಲ್ಯಾಟಿನ ಸಣ್ಣ ಕೋಣೆಗೆ ಆರಡಿಯ ಸಾಹೇಬ ಕಾಲು ಮಡಚಿಕೊಂಡು ಬಂದ. ಊರಿಗೆ ಮರಳಿದರೆ ಅಲ್ಲಿಯೂ ಕೆಲಸವಿಲ್ಲ ಎಂದು ಇಲ್ಲೇ ಎಲ್ಲರ ಬಾಗಿಲು ತಟ್ಟಿದ.

ಕೊನೆಗೆ ಕೈಹಿಡಿದದ್ದು ಕಾವಲುಗಾರರನ್ನು ಒದಗಿಸುವ ಮಲಯಾಳಿಯೊಬ್ಬನ ಕಂಪನಿ. ಮೊದಲ ವಾರ ಮುಗಿಸಿ ಬಂದವನನ್ನು ಜರ್ಟ್ರೂಡ್ ಊಟಕ್ಕೆ ಕೂರಿಸಿ ಕೇಳಿದಳು: "ಅಲ್ಲಿ ನಿಮಗೆ ಏನು ಕೆಲಸ ಸರ್?"

"ಮೀಟಿಂಗುಗಳಲ್ಲಿ ಕೋಟು ಹಾಕಿಕೊಂಡು ಕೂರಬೇಕು. ಬಿಳಿ ಮುಖ ಇದ್ದರೆ ಗಿರಾಕಿಗಳಿಗೆ ನಂಬಿಕೆಯಂತೆ."

"ಏನು ಮಾತಾಡುತ್ತೀರಿ?"

"ಅವರೆಲ್ಲ ಮಲಯಾಳಂನಲ್ಲಿ ಮಾತಾಡುತ್ತಾರೆ. ಯಜಮಾನರು ಕೆಮ್ಮಿದಾಗ ನಾನು ತಲೆಯಾಡಿಸಬೇಕು."

ಕಾಸ್ಮಿರ್‌ಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಹ್ಯಾರಿಸನ್ ಮಾತ್ರ ತಲೆಯೆತ್ತಲಿಲ್ಲ. ಜರ್ಟ್ರೂಡ್ ಗಂಡನನ್ನು ಕಣ್ಣಲ್ಲೇ ಗದರಿಸಿ, ಸಾಹೇಬನ ತಟ್ಟೆಗೆ ಇನ್ನೊಂದು ತುಂಡು ಅಂಜಲ್ ಮೀನು ಬಡಿಸಿದಳು.