ಹುಸೇನಬಿಯ ಹಳೆಯ ಬಾಗಿಲು

...ರೊಕ್ಕ ಬಂದದ್ದು ಕಾಂಪೌಂಡ್ ಗೋಡೆಯ ಬಣ್ಣಕ್ಕೆ ಮಾತ್ರ, ಹೀಗೇನೋ ಅಂದರು ಹೆಡ್‌ಮಾಸ್ತರು. ಇಂದು ಬೆಳಿಗ್ಗೆ, ಗೆಳೆಯರೇ, ತಾವರಗೇರಾದ ನಮ್ಮ ಸರಕಾರಿ ಶಾಲೆಯ ಪಾಲಕರ ಸಭೆಯಲ್ಲಿ. ಹುಡುಗಿಯರ ಶೌಚಾಲಯಕ್ಕೆ ಬಾಗಿಲಿಲ್ಲ, ಅದಕ್ಕೇ ನನ್ನ ಮಗಳು ಶಾಲೆಯಲ್ಲಿ ನೀರೇ ಕುಡಿಯುವುದಿಲ್ಲ ಎಂದೆ.

"ಖರೇರಿ. ಆದ್ರ ಬಾಗಿಲಕ್ಕ ಖರ್ಚು ಮಾಡಾಕ ಬರಂಗಿಲ್ರಿ. ಆದೇಶ ಬೆಂಗಳೂರಿಂದು," ಎಂದರು ಹೆಡ್‌ಮಾಸ್ತರು.

ಬಿಸಿಯೂಟ ಮಾಡುವ ಹುಸೇನಬಿ ಅಡುಗೆ ಕೋಣೆಯಿಂದಲೇ ಕೂಗಿದರು: "ನಮ್ಮ ಹಳೇ ಮನಿ ಬಾಗಿಲ ಹಿತ್ತಲದಾಗ ಬಿದ್ದೈತಿ. ಅದನ್ನ ತರಾಕೂ ಆದೇಶ ಬೇಕೇನ್ರಿ ಮಾಸ್ತರ?"

ಮಧ್ಯಾಹ್ನದೊಳಗೆ ಬಾಗಿಲು ಕೂತಿತು. ದಿನವೂ ತುಂಬಿದಂತೆಯೇ ಮರಳುತ್ತಿದ್ದ ಮಗಳ ನೀರಿನ ಬಾಟಲಿ ಸಂಜೆ ಖಾಲಿ ಬಂತು. ನಾನು ಅದನ್ನೇ ನೋಡುತ್ತ ಕುಳಿತೆ.

ನಾಳೆ ಗೋಡೆಗೆ ಬಣ್ಣ. ಆದೇಶ ಬರೆದ ಸಾಹೇಬರೇ, ಡಬ್ಬಿಯ ತಳದಲ್ಲಿ ಉಳಿದದ್ದನ್ನು ಈ ಬಾಗಿಲಿಗೆ ಹಚ್ಚಿದರೆ ನಡೆದೀತೇ?