ಮೆಣಸಿನಕಾಯಿಗೆ ಹೆದರಿದ ಕನ್ನಡಕ

"ಡಾಕ್ಟರಬಾಯಾರ, ವೆಲ್ಡಿಂಗ್ ಮಾಡಾಕ ಬಂದೀರೇನ್ರಿ?"

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನನ್ನ ಖಾಯಂ ವ್ಯಾಪಾರಿ ಮೌಲಾಸಾಬ ಹೀಗೆ ಕೇಳಿದ್ದು ನನ್ನ ಮೊಮ್ಮಗಳು ಸ್ಮಿತಾಳನ್ನು. ವರ್ಷದ ಖಾರಪುಡಿಗೆ ಮೆಣಸಿನಕಾಯಿ ಆರಿಸಲು ಹೋಗಿದ್ದೆವು. ನಾನು ಮೂಗಿಗೆ ಸೆರಗು ಹಿಡಿದಿದ್ದೆ (ನಾನು ಓದಿದ ಕಾನ್ವೆಂಟಿನ ಲೇಸ್ ಕರ್ಚೀಫು ಇಲ್ಲಿ ಸಾಲದು). ಅವಳು ಮಾತ್ರ ಎರಡೂ ಬದಿ ಮುಚ್ಚಿದ ದಪ್ಪ ಕನ್ನಡಕ ಏರಿಸಿ ರಾಣಿಯಂತೆ ನಿಂತಿದ್ದಳು.

ಇಸಿದುಕೊಂಡು ನೋಡಿದೆ. ಅಬ್ಬಾ, ಏನು ಭಾರ!

"ಲೆಡ್ ಗ್ಲಾಸ್ ಅಜ್ಜಿ. ಎಕ್ಸ್-ರೇದಿಂದ ಕಣ್ಣು ಕಾಯಾಕ ಆಸ್ಪತ್ರ್ಯಾಗ ಕೊಟ್ಟಾರ."

"ಅಲ್ಲೂ ಹಿಂಗ ಹಾಕ್ಕೋತೀ ಹೌದಿಲ್ಲೋ?"

"ಅಲ್ಲಿ ಯಾರ್ ಹಾಕ್ಕೋತಾರ? ಮೂಗು ನೋಯ್ತದ!"

ಇದಕ್ಕೆ ಏನನ್ನೋಣ, ಹೇಳಿ? ಇವಳು ಹುಬ್ಬಳ್ಳಿಯಲ್ಲಿ ಹೃದಯದ ಡಾಕ್ಟರ್. ದಿನವಿಡೀ ಎಕ್ಸ್-ರೇ ಎದುರು ನಿಂತು ರಕ್ತನಾಳದೊಳಗೆ ಕೂದಲಿನಂಥ ತಂತಿ ತೂರಿಸಿ ಸ್ಟೆಂಟ್ ಹಾಕುತ್ತಾಳೆ. ಆ ಕಿರಣ ರೋಗಿಯ ಮೈಗೆ ಬಡಿದು, ಚದುರಿ, ಇವಳ ಕಣ್ಣಿಗೂ ಬರುತ್ತದೆ.

ಮೆಣಸಿನಕಾಯಿ ಪ್ರಾಮಾಣಿಕ. ಬಂದ ಕೂಡಲೇ ಕೆಮ್ಮಿಸಿ, ಅಳಿಸಿ, 'ಬಂದೆ' ಅನ್ನುತ್ತದೆ. ಎಕ್ಸ್-ರೇಗೆ ಬಣ್ಣವಿಲ್ಲ, ಘಾಟಿಲ್ಲ. ಕಣ್ಣಿನ ಲೆನ್ಸಿಗೋ ನೋವಿನ ನರವೇ ಇಲ್ಲ. ನಮ್ಮ ಕಾನ್ವೆಂಟಿನ ಹಿಂದಿನ ಬೆಂಚಿನ ಹುಡುಗಿಯಂತೆ ಎಲ್ಲ ಸುಮ್ಮನೆ ನುಂಗುತ್ತದೆ. ವರ್ಷಗಳ ನಂತರ ಮಸುಕಾಗಿ ಸೇಡು ತೀರಿಸಿಕೊಳ್ಳುತ್ತದೆ. ಅದೇ ಕಣ್ಣಿನ ಪೊರೆ, ಈ ಕಡೆಯವರ ಮೋತಿಬಿಂದು. (ಮೋತಿಯಂತೆ, ಮುತ್ತು! ಎಂಥ ಮೋಸದ ಹೆಸರು.)

ನನಗೂ ಬಂದಿತ್ತು, ವಯಸ್ಸಿನ ಗಿಫ್ಟ್. "ನಿನ್ನ ಮಾಲಿಗೆ ಮೊದಲಿನ ಕೆಂಪಿಲ್ಲ" ಅಂತ ಮೌಲಾಸಾಬನ ಜೊತೆ ಜಗಳ ಬೇರೆ ಆಡಿದ್ದೆ. ಆಪರೇಷನ್ ಆದ ಮೇಲೆ ಬಂದು ನೋಡಿದರೆ, ಓ ಮೈ ಗಾಡ್, ಆ ಕೆಂಪು! ರಾಶಿಯಲ್ಲೇ ಇತ್ತು. ನಾನು ಮದುವೆಯಾಗಿ ಈ ಊರ ಕಡೆ ಬಂದ ವರ್ಷ ಕಂಡ ಅದೇ ಕೆಂಪು. ಎಷ್ಟು ಸುಗ್ಗಿ ಕಳೆದುಕೊಂಡಿದ್ದೆನೋ!

"ಬಂದ್ರ ತಗಸಿದರಾತು ಬಿಡು ಅಜ್ಜಿ," ಎಂದಳು ಡಾಕ್ಟರಮ್ಮ.

"ತಗಸೋತನಕ ಆ ಕೂದಲಿನಂಥಾ ತಂತಿ ಯಾರ ಕಣ್ಣಿಂದ ನೋಡ್ತೀ?"

ಮೌಲಾಸಾಬ ತಕ್ಕಡಿ ಬಿಟ್ಟು ಎದೆ ಮುಟ್ಟಿಕೊಂಡ. "ಖರೇ ಐತ್ರಿ! ನನ್ನ ಹಾರ್ಟಿಗೆ ಕೈ ಹಾಕೂ ಮೊದಲ ಕನ್ನಡಕ ಹಾಕ್ಕೋರಿ ಯವ್ವಾ!"

ಸ್ಮಿತಾ ನಕ್ಕಳು. ನಾನು ನಗಲಿಲ್ಲ. ದಿನಾ ಆಸ್ಪತ್ರೆಯಿಂದ ಕನ್ನಡಕ ಹಾಕಿದ ಫೋಟೋ ಕಳಿಸಬೇಕು, ಇಲ್ಲದಿದ್ದರೆ ಈ ವರ್ಷ ಖಾರಪುಡಿ ಇಲ್ಲ ಎಂದೆ. ಪ್ರಾಮಿಸ್ ಮಾಡಿದಳು.

ನಿನ್ನೆ ಮೊದಲ ಫೋಟೋ ಬಂತು. ಏಪ್ರನ್ ಇದೆ. ನಗು ಇದೆ. ಕನ್ನಡಕವೂ ಇದೆ, ಹೇರ್‌ಬ್ಯಾಂಡಿನಂತೆ ತಲೆಯ ಮೇಲೆ!

ಅವಳಿಗೆಂದು ತುಂಬಿಟ್ಟ ಖಾರಪುಡಿ ಡಬ್ಬಿಯನ್ನು ಮತ್ತೆ ಕಪಾಟಿಗೆ ಸೇರಿಸಿ ಉತ್ತರ ಬರೆದೆ: "ಯಾಕವ್ವಾ, ಡಾಕ್ಟರ್ ಆದ ಮ್ಯಾಲ ಕಣ್ಣು ನೆತ್ತಿಗೇರ್ಯಾವೇನು?"